ಲೆಕ್ಕ ಕೇಳುವ ದೇವರು ನಮ್ಮನ್ನು ಲೆಕ್ಕಕ್ಕೆ ಇಟ್ಟಿದ್ದಾನೆ

ಓದುಗರ ಪತ್ರ: "ಮಾನ್ಯ ಸಂಪಾದಕರಿಗೆ ವಂದನೆಗಳು. ನಾನು ಚಿಕ್ಕಂದಿನಿಂದ ಸಭೆಯಲ್ಲೇ ಬೆಳೆದವಳು. ಸಂಡೇ ಸ್ಕೂಲಿನಲ್ಲಿ ವಚನ ಬಾಯಿಪಾಠ ಮಾಡಿ ಬಹುಮಾನ ತೆಗೆದುಕೊಂಡವಳು. ಆದರೂ ಒಂದು ಮಾತು ಗಂಟಲಲ್ಲಿ ಇಳಿಯುವುದಿಲ್ಲ. ನನ್ನನ್ನು ಹುಟ್ಟಿಸುವಾಗ ದೇವರು ನನ್ನ ಒಪ್ಪಿಗೆ ಕೇಳಲಿಲ್ಲ. ಈಗ ಬದುಕಿದ್ದಕ್ಕೆ ಲೆಕ್ಕ ಕೊಡು ಅಂದರೆ ಅದು ಯಾವ ನ್ಯಾಯ? ಸುವಾರ್ತೆಯನ್ನು ಒಂದು ಸಲವೂ ಕೇಳದೆ ಸತ್ತವರ ಗತಿ ಏನು? ಇದಕ್ಕೆ ಸರಿಯಾದ ಉತ್ತರ ಸಿಗುವ ತನಕ ನಾನು ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಕಾಯುತ್ತೇನೆ. ದಯವಿಟ್ಟು ಹೆಸರು ಹಾಕಬೇಡಿ."

ಪ್ರಿಯ ಸಹೋದರಿ,

ನಿಮ್ಮ ಪತ್ರ ಮೂರು ಪುಟ ಇದೆ. ಮೇಲೆ ಹಾಕಿರುವುದು ಅದರ ತಿರುಳು ಮಾತ್ರ. ಮೂರನೇ ಪುಟದ ತಳದಲ್ಲಿ ಒಂದು ಸಾಲು ಬರೆದು, ನೀವೇ ಹೊಡೆದು ಹಾಕಿದ್ದೀರಿ. ಪೆನ್ನನ್ನು ಎಷ್ಟು ಒತ್ತಿದ್ದೀರಿ ಅಂದರೆ ಹಾಳೆಯ ಹಿಂದೆ ಗೆರೆ ಉಬ್ಬಿ ಬಂದಿದೆ. ಆ ಸಾಲಿನ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಸುವಾರ್ತೆ ಕೇಳದವರ ಗತಿ ಏನು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಇದನ್ನು ಕೇಳಿದ್ದಕ್ಕೆ ನಿಮಗೆ ನಂಬಿಕೆ ಕಮ್ಮಿ ಅಂತ ಯಾರಾದರೂ ಅಂದಿದ್ದರೆ ತಪ್ಪು ಅವರದು. ಅಬ್ರಹಾಮನೇ ದೇವರ ಮುಂದೆ ನಿಂತು, ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯವನ್ನು ಬಿಟ್ಟು ನಡೆಯುತ್ತಾನೆಯೇ ಅಂತ ಕೇಳಿದ್ದ. ದೇವರು ಅವನ ಮೇಲೆ ಸಿಟ್ಟಾಗಲಿಲ್ಲ. ಸತ್ಯವೇದ ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡೂ ಇಲ್ಲ. ಧರ್ಮಶಾಸ್ತ್ರ ಸಿಗದವರ ಹೃದಯದಲ್ಲೂ ಅದರ ಬರಹ ಇದೆ, ಅವರ ಮನಸ್ಸಾಕ್ಷಿಯೇ ಅದಕ್ಕೆ ಸಾಕ್ಷಿ ಅಂತ ಪೌಲ ರೋಮಾಪುರದವರಿಗೆ ಬರೆದ. ಯಜಮಾನನ ಮನಸ್ಸು ಗೊತ್ತಿದ್ದೂ ಮಾಡದ ಆಳಿಗೆ ಜಾಸ್ತಿ ಪೆಟ್ಟು, ಗೊತ್ತಿಲ್ಲದೆ ತಪ್ಪು ಮಾಡಿದವನಿಗೆ ಕಮ್ಮಿ ಪೆಟ್ಟು ಅಂತ ಯೇಸು ಹೇಳಿದ್ದು ಲೂಕ 12ರಲ್ಲಿದೆ. ನ್ಯಾಯತೀರ್ಪಿನ ದಿನ ಖೊರಾಜಿನ್, ಬೇತ್ಸಾಯಿದ ಊರುಗಳಿಗಿಂತ ಆತನ ಅದ್ಭುತಗಳನ್ನು ಕಾಣದ ತೂರ್, ಸೀದೋನ್ ಪಟ್ಟಣಗಳ ಪಾಡೇ ಮೇಲು ಅಂದದ್ದೂ ಅವನೇ. ಅಂದರೆ ದೇವರ ಹತ್ತಿರ ಎಲ್ಲರಿಗೂ ಒಂದೇ ಅಳತೆಗೋಲು ಇಲ್ಲ. ಯಾರಿಗೆ ಎಷ್ಟು ಬೆಳಕು ಸಿಕ್ಕಿತ್ತು ಅಂತ ಆತನಿಗೆ ಗೊತ್ತು. ಇದಕ್ಕಿಂತ ಆಚೆಗೆ ಬೇಲಿ ಹಾರಿ ಹೋಗಲು ನನಗೆ ಧೈರ್ಯ ಇಲ್ಲ.

ಈಗ ಸ್ವಲ್ಪ ಗದರಿಸಲೇ? ಖೊರಾಜಿನ್, ಬೇತ್ಸಾಯಿದ ಅಂದೆನಲ್ಲ, ಅಲ್ಲಿನ ಜನ ಯಾರು? ಯೇಸುವನ್ನು ಕಣ್ಣಾರೆ ಕಂಡವರು. ಆತನ ಮಾತು ಕಿವಿಯಾರೆ ಕೇಳಿದವರು. ನೀವು ಸಂಡೇ ಸ್ಕೂಲಿನಲ್ಲಿ ಬಹುಮಾನ ತೆಗೆದುಕೊಂಡವರು. ಸುವಾರ್ತೆ ಕೇಳದೆ ಸತ್ತವರ ಪರವಾಗಿ ವಕೀಲಿಕೆ ಮಾಡುತ್ತಿದ್ದೀರಿ, ಆದರೆ ಆ ಗುಂಪಿನಲ್ಲಿ ನೀವಿಲ್ಲ. ನೀವು ಕೇಳಿದ್ದೀರಿ. ನೂರಾರು ಸಲ ಕೇಳಿದ್ದೀರಿ.

ಒಬ್ಬ ಬಂದು ಯೇಸುವನ್ನು, ಸ್ವಾಮೀ, ರಕ್ಷಣೆ ಹೊಂದುವವರು ಸ್ವಲ್ಪ ಜನ ಮಾತ್ರವೋ ಅಂತ ಕೇಳಿದ. ಲೂಕ 13 ತೆಗೆದು ನೋಡಿ. ಯೇಸು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಇಕ್ಕಟ್ಟಾದ ಬಾಗಿಲಿನಿಂದ ಒಳಗೆ ಹೋಗಲು ಹೆಣಗಿರಿ ಅಂದ. ಬೇರೆಯವರ ಲೆಕ್ಕ ಕೇಳಲು ಬಂದವನಿಗೆ ಬಾಗಿಲು ತೋರಿಸಿದ. ಯೋಹಾನನ ಸುವಾರ್ತೆಯ ಕೊನೆಯಲ್ಲಿ ಪೇತ್ರನದೂ ಅದೇ ಕಥೆ. ಇನ್ನೊಬ್ಬ ಶಿಷ್ಯನನ್ನು ತೋರಿಸಿ, ಇವನ ಕಥೆ ಏನು ಅಂತ ಕೇಳಿದ. ಅದು ನಿನಗೆ ಯಾಕೆ, ನೀನು ನನ್ನ ಹಿಂದೆ ಬಾ ಅನ್ನುವ ಉತ್ತರ ಬಂತು. ನಾನು ಹೀಗೆ ಬರೆದಿದ್ದರೆ ನಿಮಗೆ ಬೇಜಾರಾಗುತ್ತಿತ್ತು. ಪೇತ್ರನಿಗೆ ಹಾಗೆ ಹೇಳಿದ್ದು ಅವನಿಗೆ ಬೆಂಕಿ ಹಚ್ಚಿ, ರೊಟ್ಟಿ ಮೀನು ಸಿದ್ಧಮಾಡಿ ಊಟಕ್ಕೆ ಕರೆದವನು.

ಇನ್ನು ಲೆಕ್ಕದ ಮಾತು. ಇದು ನನಗೆ ತುಂಬ ಹತ್ತಿರದ ವಿಷಯ, ಉದ್ದವಾದರೆ ಸಹಿಸಿಕೊಳ್ಳಿ. ಜವಾಬ್ದಾರಿ ಅನ್ನುವ ಮಾತನ್ನು ದಿನಾ ಆಡುತ್ತೇವೆ. ಅದರೊಳಗೆ ಜವಾಬು ಕೂತಿದೆ, ಅಂದರೆ ಉತ್ತರ. ಯಾರೋ ಕೇಳುತ್ತಾರೆ, ನಾನು ಉತ್ತರ ಕೊಡಬೇಕು, ಅದು ಜವಾಬ್ದಾರಿ. ನಾವು ಅದನ್ನು ಬರೀ ಹೊರೆ ಮಾಡಿಕೊಂಡಿದ್ದೇವೆ. ತಲೆ ಮೇಲೆ ಜವಾಬ್ದಾರಿ ಬಿತ್ತು ಅನ್ನುತ್ತೇವೆ, ಮೂಟೆ ಬಿದ್ದ ಹಾಗೆ. ಪೌಲ ರೋಮಾಪುರದವರಿಗೆ 14ನೇ ಅಧ್ಯಾಯದಲ್ಲಿ ಬರೆದದ್ದು, ನಮ್ಮಲ್ಲಿ ಪ್ರತಿಯೊಬ್ಬನೂ ತನ್ನ ವಿಷಯವಾಗಿ ದೇವರಿಗೆ ಉತ್ತರ ಕೊಡಬೇಕು ಅಂತ. ಉತ್ತರ ಕೊಡಬೇಕಾದರೆ ಎದುರಿಗೆ ಕೇಳುವವನೊಬ್ಬ ಇರಬೇಕು ಅಲ್ವಾ? ಯಾರೂ ಕೇಳದ ಬದುಕು ಹಗುರ ಅಂದುಕೊಳ್ಳುತ್ತೀರಾ? ಕನ್ನಡದಲ್ಲಿ ಒಬ್ಬರನ್ನು ತೀರಾ ಕಡೆಗಣಿಸಿದರೆ ಏನನ್ನುತ್ತೇವೆ? ಅವರನ್ನು ಲೆಕ್ಕಕ್ಕೇ ಇಟ್ಟಿಲ್ಲ ಅನ್ನುತ್ತೇವೆ. ದೇವರು ನಮ್ಮಿಂದ ಲೆಕ್ಕ ಕೇಳುತ್ತಾನೆ ಅಂದರೆ ನಮ್ಮನ್ನು ಲೆಕ್ಕಕ್ಕೆ ಇಟ್ಟಿದ್ದಾನೆ. ಆಡಿದ ಒಂದೊಂದು ಸುಮ್ಮನೆ ಮಾತಿಗೂ ಉತ್ತರ ಕೊಡಬೇಕು ಅಂತ ಮತ್ತಾಯ 12ರಲ್ಲಿ ಓದಿದಾಗ ಮೊದಲು ನಡುಗಿದ್ದೆ. ಈಗ ಅದೇ ವಚನ ಓದಿದಾಗ ಇನ್ನೊಂದೂ ಅನಿಸುತ್ತದೆ. ನನ್ನ ಮಾತನ್ನು ಅಷ್ಟು ಗಮನ ಕೊಟ್ಟು ಕೇಳಿಸಿಕೊಳ್ಳುವವರು ಈ ಲೋಕದಲ್ಲಿ ಬೇರೆ ಯಾರಿದ್ದಾರೆ?

ನನ್ನ ಒಪ್ಪಿಗೆ ಕೇಳದೆ ಹುಟ್ಟಿಸಿದ ಅನ್ನುತ್ತೀರಿ. ನಿಜ, ಕೇಳಲಿಲ್ಲ. ತನ್ನ ಮಗನನ್ನು ಕೊಡುವಾಗಲೂ ಆತ ನಮ್ಮ ಒಪ್ಪಿಗೆ ಕೇಳಲಿಲ್ಲ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನು. ಮೊದಲನೆಯದನ್ನು ದೂರುವವರು ಎರಡನೆಯದನ್ನು ಮರೆಯುತ್ತೇವೆ. ಕೇಳದೆ ಕೊಟ್ಟ ದೇವರು ಒಂದೇ ಒಂದು ಕಡೆ ನಿಂತು ಕೇಳುತ್ತಾನೆ, ಬರುತ್ತೀಯಾ ಅಂತ. ಅಲ್ಲಿ ಮಾತ್ರ ನಿಮ್ಮ ಒಪ್ಪಿಗೆ ಬೇಕು. ದೇವರು ಆರಿಸಿದ್ದೋ ಮನುಷ್ಯ ಒಪ್ಪಿದ್ದೋ ಅಂತ ಪಂಡಿತರು ಶತಮಾನಗಟ್ಟಲೆ ಜಗಳ ಆಡಿದ್ದಾರೆ. ನೆದರ್ಲೆಂಡ್ಸಿನ ಡಾರ್ಟ್ ಪಟ್ಟಣದಲ್ಲಿ 1618-19ರಲ್ಲಿ ಇದಕ್ಕೆಂದೇ ದೊಡ್ಡ ಸಭೆ ಕೂಡಿತ್ತು. ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ಯೋಹಾನ 6:37ರಲ್ಲಿ ಎರಡೂ ಅಕ್ಕಪಕ್ಕ ಇವೆ. ತಂದೆ ಕೊಟ್ಟವರೆಲ್ಲ ನನ್ನ ಬಳಿಗೆ ಬರುತ್ತಾರೆ, ಬಂದವರನ್ನು ನಾನು ತಳ್ಳಿಬಿಡುವುದಿಲ್ಲ. ನನಗೆ ಅಷ್ಟು ಸಾಕು.

ನನ್ನದೇ ಒಂದು ಸಂಗತಿ ಹೇಳಬೇಕು. ಹುಡುಗನಾಗಿದ್ದಾಗ ನಮ್ಮ ಯೌವನಸ್ಥರ ಕೂಟದ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ಡಬ್ಬಿಯಿಂದ ಒಂದಿಷ್ಟು ಹಣ ತೆಗೆದುಕೊಂಡೆ. ವಾಪಸ್ ಇಡೋಣ ಅಂತಲೇ ತೆಗೆದದ್ದು. ಇಡಲಿಲ್ಲ. ಸಭೆಯ ಖಜಾಂಚಿ ವಯಸ್ಸಾದವರು, ಮೆತ್ತಗೆ ಮಾತಾಡುವವರು. ಪುಸ್ತಕ ತೋರಿಸಪ್ಪ ಅಂದರು. ಮೂರು ವಾರ ನೆಪ ಹೇಳಿದೆ. ನಾಲ್ಕನೇ ಭಾನುವಾರ ತೋರಿಸಲೇಬೇಕಾಯಿತು. ಅವರ ಬೆರಳು ಒಂದೊಂದೇ ಅಂಕಿ ಮೇಲೆ ಇಳಿಯುತ್ತಾ ಬಂತು. ಒಂದು ಕಡೆ ನಿಂತಿತು. ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟು ಸುಮ್ನೆ ಕೂತರು. ಬೈಯಲಿಲ್ಲ. ಕಳ್ಳ ಅನ್ನಲಿಲ್ಲ. ಆ ಮೌನ ತಡೆಯಲಾರದೆ ನಾನೇ ಹೇಳಿದೆ. ಆಗ ಪೆನ್ನು ನನ್ನ ಕೈಗೆ ಕೊಟ್ಟು, ಎಷ್ಟು ಕಡಿಮೆ ಇದೆಯೋ ಅಷ್ಟು ಇಲ್ಲಿ ಬರೆ, ನಿನ್ನ ಸಹಿ ಹಾಕು ಅಂದರು. ಬರೆದೆ. ಕೈ ನಡುಗುತ್ತಿತ್ತು. ಆಮೇಲೆ ಅವರು ತಮ್ಮ ಜೇಬಿನಿಂದ ಅಷ್ಟೂ ಹಣ ತೆಗೆದು ಡಬ್ಬಿಗೆ ಹಾಕಿ, ನಾನು ಬರೆದದ್ದರ ಕೆಳಗೆ ಸಂದಾಯವಾಯಿತು ಅಂತ ಬರೆದರು.

ನನಗೆ ಸುವಾರ್ತೆ ಅರ್ಥವಾದದ್ದು ಅವತ್ತು. ನನ್ನಿಂದ ಬರೆಸದೆ ಹಣ ಹಾಕಿದ್ದರೆ ಅದು ಮುಚ್ಚಿಹಾಕಿದ ಹಾಗೆ. ಬರೆಸಿ ಸುಮ್ಮನಾಗಿದ್ದರೆ ನಾನು ಸಭೆಯನ್ನೇ ಬಿಟ್ಟು ಹೋಗುತ್ತಿದ್ದೆ. ಶಿಲುಬೆಯಲ್ಲಿ ನಮ್ಮ ಪಾಪವನ್ನು ಯಾರೂ ಮುಚ್ಚಿಹಾಕಲಿಲ್ಲ. ಪೂರ್ತಿ ಬರೆದರು, ಪೂರ್ತಿ ತೀರಿಸಿದರು.

ಇವತ್ತು ಆ ಬರೆಯುವ ಕೆಲಸವೇ ನಿಂತುಹೋಗಿದೆ ಅನ್ನುವುದು ನನ್ನ ಕೊರಗು. ನಾವು ತಪ್ಪು ಮಾಡಿದೆ ಅನ್ನುವುದಿಲ್ಲ, ತಪ್ಪಾಗಿಹೋಯ್ತು ಅನ್ನುತ್ತೇವೆ. ಅದಷ್ಟಕ್ಕೆ ಅದೇ ಆದ ಹಾಗೆ. ಬಂಗಾರದ ಕರುವಿನ ವಿಗ್ರಹ ಮಾಡಿ ಸಿಕ್ಕಿಬಿದ್ದಾಗ ಮೋಶೆಯ ಅಣ್ಣ ಆರೋನ ಹೇಳಿದ್ದೂ ಇದನ್ನೇ. ಜನರು ಬಂಗಾರ ಕೊಟ್ಟರು, ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು! ಎರಕ ಹೊಯ್ದು ಉಳಿಯಿಂದ ರೂಪ ಕೊಟ್ಟವನು ಅವನೇ ಅಂತ ಅದೇ ಅಧ್ಯಾಯದಲ್ಲಿದೆ. ಆದಾಮ ಹೆಂಡತಿ ಕಡೆ ಕೈ ತೋರಿಸಿದ, ಹವ್ವ ಸರ್ಪದ ಕಡೆ. ದೇವರು ನಾಶಮಾಡು ಅಂದಿದ್ದ ಕುರಿಗಳನ್ನು ಉಳಿಸಿದ್ದು ಜನರು ಅಂದ ಅರಸ ಸೌಲ. ಅವನ ಮಾತು ಸುಳ್ಳು ಅನ್ನಲು ಪ್ರವಾದಿ ಸಮುವೇಲನ ಕಿವಿಗೆ ಬೀಳುತ್ತಿದ್ದ ಕುರಿಗಳ ಕೂಗೇ ಸಾಕಾಗಿತ್ತು. ಇಷ್ಟೆಲ್ಲ ಜನರ ನಡುವೆ ದಾವೀದನನ್ನು ನಾನು ಪ್ರೀತಿಸುವುದು ಒಂದು ಕಾರಣಕ್ಕೆ. ಅವನ ಪಾಪ ಸೌಲನದಕ್ಕಿಂತ ಚಿಕ್ಕದೇನಲ್ಲ. ಆದರೆ ಪ್ರವಾದಿ ನಾತಾನ ಬಂದು, ಆ ಮನುಷ್ಯ ನೀನೇ ಅಂದಾಗ, ನಾನು ಪಾಪ ಮಾಡಿದ್ದೇನೆ ಅಂದ. ಆದರೆ, ಹೋದರೆ ಏನೂ ಸೇರಿಸಲಿಲ್ಲ.

ಕಾಯುತ್ತೇನೆ ಅಂತ ಬರೆದಿದ್ದೀರಿ. ಈ ಮಾತು ಓದಿ ನನಗೆ ಫೇಲಿಕ್ಸ್ ನೆನಪಾದ. ಕೈಸರೈಯದಲ್ಲಿದ್ದ ರೋಮನ್ ಅಧಿಪತಿ. ಹೆಂಡತಿ ದ್ರೂಸಿಲ್ಲಳ ಜೊತೆ ಕೂತು ಪೌಲನನ್ನು ಕರೆಸಿದ. ಪೌಲ ನೀತಿ, ಸ್ವಂತ ಹಿಡಿತ, ಮುಂದೆ ಬರುವ ನ್ಯಾಯವಿಚಾರಣೆ ಎಲ್ಲ ಹೇಳುತ್ತಾ ಹೋದ. ಫೇಲಿಕ್ಸನಿಗೆ ಹೆದರಿಕೆಯಾಯಿತು. ಕಲ್ಲಲ್ಲ ಅವನು, ಮನಸ್ಸಿಗೆ ತಾಕಿತ್ತು. ಆದರೆ, ಈಗ ಹೋಗು, ಸಮಯ ಸಿಕ್ಕಾಗ ಕರೆಸುತ್ತೇನೆ ಅಂದ. ಎರಡು ವರ್ಷ ಆಗಾಗ ಕರೆಸಿ ಮಾತಾಡಿದ. ಲಂಚದ ಆಸೆಯೂ ಇತ್ತು. ಆ ಸಮಯ ಮಾತ್ರ ಸಿಕ್ಕ ಬಗ್ಗೆ ಅಪೊಸ್ತಲರ ಕೃತ್ಯಗಳಲ್ಲಿ ಈ ಕಥೆ ಹೇಳಿದ ಲೂಕ ಒಂದಕ್ಷರವನ್ನೂ ಬರೆದಿಲ್ಲ. ಫೇಲಿಕ್ಸನ ಜಾಗಕ್ಕೆ ಫೆಸ್ತ ಬಂದ, ಕಥೆ ಮುಂದಕ್ಕೆ ಹೋಯಿತು.

ಹಳೆಯ ಕಾಲದ ದೊಡ್ಡ ಕ್ರೈಸ್ತ ಬೋಧಕ ಅಗಸ್ಟಿನ್ ಕೂಡ ಹೀಗೇ ತಳ್ಳಿಕೊಂಡು ಬಂದವನು. ನನಗೆ ಶುದ್ಧವಾದ ಬದುಕು ಕೊಡು, ಆದರೆ ಈಗಲೇ ಬೇಡ ಅಂತ ಯೌವನದಲ್ಲಿ ಪ್ರಾರ್ಥಿಸಿದ್ದನ್ನು ಅವನೇ ಒಪ್ಪಿಕೊಂಡಿದ್ದಾನೆ. ಈಗ ಬಂದೆ, ಇನ್ನು ಸ್ವಲ್ಪ ಹೊತ್ತು ಅನ್ನುತ್ತಲೇ ಇದ್ದನಂತೆ, ಆ ಸ್ವಲ್ಪ ಹೊತ್ತು ಮುಗಿಯಲೇ ಇಲ್ಲವಂತೆ. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅಳುತ್ತಾ ಕೂತವನಿಗೆ, ತೆಗೆದುಕೊಂಡು ಓದು ಅನ್ನುವ ಮಗುವಿನ ದನಿ ಕೇಳಿಸಿತು. ಆಗ ಅವನಿಗೆ 31 ವರ್ಷ. ಅವನ ಪ್ರಶ್ನೆಗಳೆಲ್ಲ ಆ ದಿನವೇ ತೀರಿದ್ದವು ಅಂದುಕೊಳ್ಳಬೇಡಿ. ಕೆಡುಕು, ಕಾಲ, ಮನುಷ್ಯನ ಇಚ್ಛೆ, ಈ ಪ್ರಶ್ನೆಗಳನ್ನು ಸಾಯುವ ತನಕ ಹಿಡಿದು ಬರೆದ. ಹೊರಗೆ ನಿಂತು ಬರೆಯಲಿಲ್ಲ, ಒಳಗೆ ಬಂದು ಬರೆದ. ನಿಮ್ಮ ಪ್ರಶ್ನೆಗಳನ್ನೂ ಬಿಟ್ಟು ಬನ್ನಿ ಅಂತ ನಾನು ಹೇಳುವುದಿಲ್ಲ. ಎತ್ತಿಕೊಂಡೇ ಬನ್ನಿ.

ನಿಮ್ಮೊಬ್ಬರ ಮೇಲೆ ತಪ್ಪು ಹೊರಿಸುವುದೂ ಸರಿಯಲ್ಲ. ವರ್ಷಗಟ್ಟಲೆ ನೀವು ಕೇಳಿದ ಪ್ರಸಂಗಗಳಲ್ಲಿ ಲೆಕ್ಕ ಕೊಡುವ ಈ ಮಾತು ಎಷ್ಟು ಸಲ ಬಂದಿದೆ ಹೇಳಿ? ಆಶೀರ್ವಾದ ಬರುತ್ತದೆ, ಬಿಡುಗಡೆ ಬರುತ್ತದೆ, ಬಾಗಿಲು ತೆರೆಯುತ್ತದೆ. ಎಲ್ಲ ನಮಗೆ ಬರುವುದೇ. ನಮ್ಮಿಂದ ದೇವರಿಗೆ ಹೋಗಬೇಕಾದ ಉತ್ತರದ ಸುದ್ದಿಯೇ ಇಲ್ಲ. ಇನ್ನು ಕೆಲವರಿದ್ದಾರೆ, ಬರೀ ನರಕದ ಬೆಂಕಿ. ಹೆದರಿಸಿ ಕೈ ಎತ್ತಿಸುತ್ತಾರೆ, ಎತ್ತಿದ ಕೈ ಎಣಿಸುತ್ತಾರೆ, ಮರುದಿನ ಆ ಕೈಯವರು ಯಾರು ಅಂತ ಕೇಳುವವರಿಲ್ಲ. ಬೋಧಿಸುವವರಿಗೆ ಹೆಚ್ಚಿನ ತೀರ್ಪು ಅಂತ ಯಾಕೋಬ ಬರೆದದ್ದು ಇವರ ಕಣ್ಣಿಗೆ ಬಿದ್ದಿಲ್ಲವೇ? ಅಮೆರಿಕದ ಪ್ರಸಂಗಿ ಡಿ. ಎಲ್. ಮೂಡಿ 1871ರ ಅಕ್ಟೋಬರ್ 8ರ ರಾತ್ರಿ ಷಿಕಾಗೋದಲ್ಲಿ ಪ್ರಸಂಗ ಮಾಡಿ, ಯೇಸುವನ್ನು ಏನು ಮಾಡುತ್ತೀರಿ ಅಂತ ಒಂದು ವಾರ ಯೋಚಿಸಿ ಬನ್ನಿ ಅಂದು ಜನರನ್ನು ಕಳಿಸಿದರು. ಅದೇ ರಾತ್ರಿ ಊರಿಗೆ ಬೆಂಕಿ ಬಿತ್ತು. ಸುಮಾರು 300 ಜನ ಸತ್ತರು. ಆ ಜನರನ್ನು ಮೂಡಿ ಮತ್ತೆ ಒಟ್ಟಿಗೆ ನೋಡಲಿಲ್ಲ. ಈ ಕಥೆಯನ್ನು ಕೇಳುಗರನ್ನು ಹೆದರಿಸಲು ಹೇಳುತ್ತಾರೆ. ಮೂಡಿ ಹಾಗೆ ನೋಡಲಿಲ್ಲ. ವಾರ ಕೊಟ್ಟದ್ದು ನನ್ನ ತಪ್ಪು ಅಂತ ತಮ್ಮ ಮೇಲೇ ಹಾಕಿಕೊಂಡರು. ಹೀಗೆ ಹೇಳಿಕೊಳ್ಳುವ ಪ್ರಸಂಗಿಗಳು ನನಗೆ ಬೇಕು.

ಒಂದು ದಿನ ಕೈ ಎತ್ತಿದರೆ ಮುಗಿಯಿತು ಅನ್ನುವವರಿಗೆ ಅಮೇಜಿಂಗ್ ಗ್ರೇಸ್ ಹಾಡು ಬರೆದ ಜಾನ್ ನ್ಯೂಟನ್‌ನ ವರ್ಷಗಳನ್ನು ತೋರಿಸಬೇಕು. 1748ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರನ್ನು ಕೂಗಿದ. ಆದರೆ ಆಮೇಲೂ ಗುಲಾಮರನ್ನು ಸಾಗಿಸುವ ಹಡಗಿಗೆ ಕಪ್ತಾನನಾದ. ಸಮುದ್ರ ಬಿಟ್ಟದ್ದು 1754ರಲ್ಲಿ, ಅದೂ ಆರೋಗ್ಯ ಕೆಟ್ಟಿದ್ದರಿಂದ. ಆ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದು, ನಾನೂ ಅದರಲ್ಲಿದ್ದೆ ಅಂತ ಅಚ್ಚಿನಲ್ಲಿ ಒಪ್ಪಿಕೊಂಡದ್ದು 1788ರಲ್ಲಿ. ಬಿರುಗಾಳಿಯಿಂದ ಲೆಕ್ಕ ಹಾಕಿದರೆ ನಲವತ್ತು ವರ್ಷ. ಈ ಒಪ್ಪಿಗೆ ತಡವಾಗಿ ಬಂತು ಅಂತಲೂ ಅವನೇ ಬರೆದಿದ್ದಾನೆ. ಆ ನಲವತ್ತು ವರ್ಷ ನೆನೆದರೆ ಹೊಟ್ಟೆ ಉರಿಯುತ್ತದೆ. ದೇವರು ಅಷ್ಟು ಕಾಲ ಅವನನ್ನು ಬಿಡದೆ ಕೇಳುತ್ತಲೇ ಇದ್ದ ಅನ್ನುವುದೂ ನೆನಪಿಗೆ ಬರುತ್ತದೆ.

ಇನ್ನು ನೀವು ಹೊಡೆದು ಹಾಕಿದ ಆ ಸಾಲು. ಹಾಳೆಯನ್ನು ಬೆಳಕಿಗೆ ಹಿಡಿದಾಗ ನನಗೆ ಓದಲು ಬಂತು, ಕ್ಷಮಿಸಿ. ಇಲ್ಲಿ ಅಚ್ಚು ಹಾಕುವುದಿಲ್ಲ. ನನಗೆ ಬರೆದದ್ದೂ ಅಲ್ಲ ಅದು, ನನ್ನ ಹೆಸರೇ ಅಲ್ಲಿಲ್ಲ. ಯಾರ ಹೆಸರಿದೆ ಅಂತ ನಿಮಗೆ ಗೊತ್ತು. ಈ ಸಂಚಿಕೆ ಕೈಗೆ ಬಂದ ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಅದೇ ಸಾಲನ್ನು ಇನ್ನೊಮ್ಮೆ ಬರೆಯಿರಿ. ಈ ಸಲ ಹೊಡೆದು ಹಾಕಬೇಡಿ.

— ಸಂಪಾದಕ