ಚಾರ್ಟಿನಲ್ಲಿ ಇಲ್ಲದ ತಲೆನೋವು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಓದುಗರೊಬ್ಬರ ಪತ್ರ ಈ ವಾರ ಉಳಿದವನ್ನೆಲ್ಲ ಬದಿಗೆ ಸರಿಸಿತು. ವಯಸ್ಸು 44. ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು ಪಾಸು, ಮನೆಯಲ್ಲೇ ಹೊಲಿಗೆ ಕೆಲಸ. ಎರಡು ವರ್ಷದಿಂದ ತನ್ನನ್ನು ತಿದ್ದಿಕೊಳ್ಳಬೇಕೆಂಬ ಹಟ. ಗಂಡನ ಅಣ್ಣ ಯಾವುದೋ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಹೋಗಿ ಬಂದು ಒಂದು ಚಾರ್ಟು ಕೊಟ್ಟಿದ್ದಾರೆ: ಬೆಳಿಗ್ಗೆ 4.30ಕ್ಕೆ ಏಳುವುದು, ಧ್ಯಾನ, ನಡಿಗೆ, ಹತ್ತು ಪುಟ ಓದು, ಇಂಗ್ಲಿಷ್, ಮಲಯಾಳ, ಸಿಟ್ಟು ಮಾಡದಿರುವುದು, ರಾತ್ರಿ 11ಕ್ಕೆ ಆತ್ಮಾವಲೋಕನದ ದಿನಚರಿ. ಎಂಟು ಕಾಲಮ್ಮು. 21 ದಿನ ಬಿಡದೆ ಗುರುತು ಹಾಕಬೇಕು, ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ. ಏಳು ಸಲ ಶುರು ಮಾಡಿದ್ದಾರೆ, ಏಳು ಸಲವೂ ಎರಡನೇ ವಾರಕ್ಕೇ ಮುಗ್ಗರಿಸಿದ್ದಾರೆ. ‘ನನಗೆ ಮನೋಬಲ ಇಲ್ಲ. ಈ ಪ್ರಾಯದಲ್ಲಿ ಇನ್ನು ಕಲಿಯುವುದು ಉಂಟಾ?’ ಎಂಬುದು ಅವರ ಪ್ರಶ್ನೆ.

ಪತ್ರ ನಾಲ್ಕು ಪುಟ. ಮೂರನೇ ಪುಟದ ನಡುವೆ ಒಂದು ಸಾಲು ಹೀಗಿದೆ: ‘ಕುಟುಂಬಶ್ರೀ ಸಭೆಯಲ್ಲಿ ಮಿನಿಟ್ಸ್ ಬರೆಯುವ ಸರದಿ ಬಂದರೆ ತಲೆನೋವು ಅಂತ ಹೇಳಿ ಪಕ್ಕದವಳ ಕೈಗೆ ಪುಸ್ತಕ ಕೊಡುತ್ತೇನೆ, ಅದು ಬಿಡಿ.’

ಅಕ್ಕಾ, ಅದನ್ನು ಬಿಡುವ ಹಾಗಿಲ್ಲ.

ನಿಮ್ಮ ಅಯಲ್‌ಕೂಟದ, ಅಂದರೆ ಕುಟುಂಬಶ್ರೀಯ ನೆರೆಹೊರೆ ಹೆಂಗಸರ ಉಳಿತಾಯ-ಸಾಲದ ಗುಂಪಿನ, ಪುಸ್ತಕ ಮಲಯಾಳದಲ್ಲಿದೆ. ಗಿರಾಕಿಗಳ ಜೊತೆ ನೀರು ಕುಡಿದಷ್ಟು ಸಲೀಸಾಗಿ ಮಲಯಾಳ ಮಾತಾಡುತ್ತೀರಿ. ಅದನ್ನು ಬರೆಯಲು ಬರುವುದಿಲ್ಲವೆಂಬುದು ಉಳಿದ ಹೆಂಗಸರಿಗೆ ತಿಳಿಯಬಾರದು, ಅಷ್ಟೇ. ಎರಡು ವರ್ಷದ ದಿನಚರಿಯಿಂದ ನೀವು ನಕಲು ಮಾಡಿ ಕಳಿಸಿದ ಸಾಲುಗಳನ್ನು ಓದಿದೆ: ‘ಇವತ್ತೂ ಸಿಟ್ಟು ಬಂತು. ನಾನು ಯಾಕೆ ಹೀಗೆ?’ ‘ಇವತ್ತೂ ಏಳಲಿಲ್ಲ. ನಾನು ಯಾಕೆ ಹೀಗೆ?’ ಭಾನುವಾರದ ಸಭೆಯ ಆ ತಲೆನೋವು ಒಮ್ಮೆಯೂ ಅಲ್ಲಿ ಕಾಣಿಸಿಲ್ಲ. ಮನೆಯೆಲ್ಲ ಗುಡಿಸಿ ಒಂದು ಕೋಣೆಗೆ ಮಾತ್ರ ಬೀಗ ಹಾಕಿದ ಹಾಗಾಯಿತು.

ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಬೇಸರವಾದರೂ ಕೇಳಿ: ರಾತ್ರಿ ಹನ್ನೊಂದಕ್ಕೆ ‘ಯಾಕೆ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಬೈಗುಳ ಸಿಗುತ್ತದೆ. ಮನಶ್ಶಾಸ್ತ್ರದವರು ತನ್ನ ಬಗ್ಗೆ ಯೋಚಿಸುವುದನ್ನು ಎರಡು ಬಗೆಯಾಗಿ ನೋಡುತ್ತಾರೆ. ಒಂದು, ಕುತೂಹಲದಿಂದ ನೋಡುವುದು. ಇನ್ನೊಂದು, ಅದದೇ ನೋವನ್ನು ಮೆಲುಕು ಹಾಕುವುದು. ನಿಮ್ಮದು ಎರಡನೆಯದು. ಆ ಪುಸ್ತಕ ಮುಚ್ಚಿಡಿ. ಇನ್ನು ಮುಂದೆ ದಿನಕ್ಕೊಂದೇ ಸಾಲು, ಒಂದೇ ಪ್ರಶ್ನೆ: ‘ಇವತ್ತು ಯಾವುದಕ್ಕೆ ನೆಪ ಹೇಳಿದೆ?’ ಏನೂ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆದು ಮಲಗಿ.

ಇನ್ನು ನಿಮ್ಮ ಭಾವನವರು. ಅವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಆ 21 ದಿನದ ಲೆಕ್ಕ ಹುಟ್ಟಿದ್ದು ಅಭ್ಯಾಸದ ಅಧ್ಯಯನದಿಂದಲ್ಲ. ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆಯೆಂದರೆ ಮೂರು ವಾರ ಬೇಕು ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು 1960ರಲ್ಲಿ ಬರೆದಿದ್ದರು. ‘ಕಡಿಮೆಯೆಂದರೆ’ ಎಂಬುದು ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಅಭ್ಯಾಸವನ್ನೇ ಅಳೆದು ನೋಡಿದ್ದು ಲಂಡನ್ನಿನ ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು, 96 ಮಂದಿಯ ಮೇಲೆ. ಒಂದು ಕೆಲಸ ತನ್ನಷ್ಟಕ್ಕೆ ನಡೆಯುವಂತಾಗಲು ಸುಮಾರು 66 ದಿನ, ಒಬ್ಬರಿಗೆ 18 ಆದರೆ ಇನ್ನೊಬ್ಬರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳುವಂಥ ನಷ್ಟ ಕಾಣಲಿಲ್ಲ. ಭಾವನವರ ‘ಮತ್ತೆ ಒಂದರಿಂದ’ ಎಂಬ ದಂಡಕ್ಕೆ ಯಾವ ಆಧಾರವೂ ಇಲ್ಲ. 11ಕ್ಕೆ ದಿನಚರಿ ಬರೆದು 4.30ಕ್ಕೆ ಎದ್ದರೆ ಐದೂವರೆ ಗಂಟೆಯೂ ನಿದ್ದೆಯಿಲ್ಲ. ದೊಡ್ಡವರಿಗೆ ಏಳು ಗಂಟೆಯಾದರೂ ಬೇಕು, ಕಲಿತದ್ದು ತಲೆಯಲ್ಲಿ ನೆಲೆಯೂರಲೂ ನಿದ್ದೆ ಬೇಕು. ಬೇಗ ಏಳುವುದು ಹಾಲು ಕರೆಯುವವರ ಅಗತ್ಯ. ಅದನ್ನು ಸದ್ಗುಣವೆಂದು ಮಾರುವವರನ್ನು ನಾನು ನಂಬುವುದಿಲ್ಲ. ಚಾರ್ಟನ್ನು ಬ್ಲೌಸಿನ ಕಟಿಂಗ್ ಪೇಪರ್ ಮಾಡಿಕೊಳ್ಳಿ.

‘ನಾವು ಕನ್ನಡದವರು, ನಮಗೆ ಮಲಯಾಳ ಬರಹ ಯಾಕೆ’ ಎನ್ನುವ ನಿಮ್ಮ ಯಜಮಾನರ ಮಾತಿನ ಹಿಂದೆ ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಬಂದ ನೋವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಪಂಚಾಯತಿಗೆ ಕನ್ನಡದಲ್ಲೇ ಅರ್ಜಿ ಕೊಡಿ, ಅದು ನಿಮ್ಮ ಹಕ್ಕು. ಮಂಜೇಶ್ವರದ ಗೋವಿಂದ ಪೈಗಳಿಗೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪರಿಚಯವಿತ್ತು, ಅವರ ಕನ್ನಡ ಸವೆಯಲಿಲ್ಲ ಎಂದು ಹೇಳಿ ನೋಡಿ. ಪ್ರಾಯದ ಮಾತಿಗೆ ಬಂದರೆ, ಹರಿಪ್ಪಾಡಿನ ಕಾರ್ತ್ಯಾಯನಿಯಮ್ಮ 2018ರಲ್ಲಿ ಕೇರಳ ಸಾಕ್ಷರತಾ ಮಿಷನ್ನಿನ ಪರೀಕ್ಷೆ ಬರೆದು 100ಕ್ಕೆ 98 ಪಡೆದಾಗ ಅವರಿಗೆ 96 ವರ್ಷ.

ನಿಮಗೊಂದೇ ಆಜ್ಞೆ: ಈ ಭಾನುವಾರ ಸಭೆಯಲ್ಲಿ ಸೆಕ್ರೆಟರಿಗೆ ‘ಇಲ್ಲಿಂದ ಒಂಬತ್ತನೇ ವಾರದ ಮಿನಿಟ್ಸ್ ನಾನು ಬರೆಯುತ್ತೇನೆ, ನನಗೆ ಅಕ್ಷರ ಬರುವುದಿಲ್ಲ, ಕಲಿಯುತ್ತೇನೆ’ ಎಂದು ಎಲ್ಲರೂ ಕೇಳುವಂತೆ ಹೇಳಿ. ಹಳೆಯ ನಾಲ್ಕು ವಾರದ ಪುಟಗಳ ಫೋಟೋ ತೆಗೆದುಕೊಂಡು ಬನ್ನಿ.

ಮಗಳ ಪಾಠಪುಸ್ತಕದಿಂದ ಕಲಿಯಲು ಹೋಗಿ ನೀವು ಸೋತದ್ದಕ್ಕೆ ಕಾರಣವಿದೆ. ಅಲ್ಲಿಯ ಪದ್ಯ ನಿಮಗೆ ಯಾವ ಕೆಲಸಕ್ಕೂ ಬೀಳುವುದಿಲ್ಲ. ಮಿನಿಟ್ಸಿನ ಭಾಷೆ ಹಾಗಲ್ಲ, ವಾರವಾರವೂ ಅದದೇ ಸಾಲು. ಪದಗಳಲ್ಲಿ ಅರ್ಧ ನಿಮ್ಮವೇ: ಯೋಗಂ (ಸಭೆ), ಅಧ್ಯಕ್ಷ, ಸ್ವಾಗತಂ, ಅಂಗಂ (ಸದಸ್ಯೆ), ಸಂಪಾದ್ಯಂ (ಉಳಿತಾಯ), ತೀರುಮಾನಂ, ರೂಪ. ಹೊಸದಾಗಿ ಕಲಿಯಬೇಕಾದದ್ದು ವಾಯ್ಪ ಎಂದರೆ ಸಾಲ, ಒಪ್ಪ್ ಎಂದರೆ ಸಹಿ, ಇಂಥ ಕೆಲವು. ಕೊನೆಯ ‘ನಂದಿ’ ಧನ್ಯವಾದ, ಬಸವಣ್ಣನಲ್ಲ.

ವರ್ಣಮಾಲೆಯ ಕ್ರಮವೂ ಕನ್ನಡದ್ದೇ. ಕನ್ನಡದ ಕೈ ಎಡವುವ ಜಾಗಗಳು ಮಾತ್ರ ಗೊತ್ತಿರಲಿ. ಎ, ಏ ಕಾರದ ಗುರುತು ಅಲ್ಲಿ ಅಕ್ಷರದ ಎಡಗಡೆ, ಮೊದಲೇ ಬರುತ್ತದೆ. ಓಕಾರವಾದರೆ ಎರಡೂ ಕಡೆ, ಆದ್ದರಿಂದ ‘ಯೋಗಂ’ ಎಂಬ ಮೊದಲ ಪದದಲ್ಲೇ ‘ಯ’ ನಡುವೆ ಸಿಕ್ಕಿಕೊಂಡಂತೆ ಕಾಣುತ್ತದೆ. ಪದದ ಕೊನೆಯ ನ್, ಣ್, ರ್, ಲ್, ಳ್‌ಗಳಿಗೆ ಬೇರೆಯೇ ಅಕ್ಷರಗಳಿವೆ, ಚಿಲ್ಲು ಎನ್ನುತ್ತಾರೆ. ‘ಹಾಜರ್’ ಮುಗಿಯುವುದು ಅದರಲ್ಲೇ. ನಾವು ಬಾಯಿಪಾಠಕ್ಕಷ್ಟೇ ಇಟ್ಟುಕೊಂಡ ಙ ಅಲ್ಲಿ ‘ಅಂಗಙ್ಙಳ್’ ಎಂಬಂಥ ಬಹುವಚನಗಳಲ್ಲಿ ಆಗಾಗ ಎದುರಾಗುತ್ತದೆ. ಕೇಳಿದಂತೆ ಬರೆಯುವುದು ಎಲ್ಲಕ್ಕಿಂತ ದೊಡ್ಡ ಗುಂಡಿ. ಅಂಗಡಿಗೆ ‘ಕಡ’ ಎಂದು ಕೇಳುತ್ತೀರಿ, ಬರೆಯುವಾಗ ಅಲ್ಲಿ ಟ. ಸಾಲದ ಮರುಪಾವತಿ ‘ತಿರಿಚ್ಚಡವ್’ ಕೂಡ ಹಾಗೆಯೇ, ಟ ಬರೆಯಬೇಕು. ಅದಕ್ಕೇ ಉಕ್ತಲೇಖನ ಬೇಡ, ನೋಡಿ ಬರೆಯಿರಿ. ಇನ್ನೊಂದು: 1971ರ ಲಿಪಿ ಸುಧಾರಣೆಯಲ್ಲಿ ಉಕಾರವನ್ನು ಅಕ್ಷರದಿಂದ ಬಿಡಿಸಿ ಪಕ್ಕಕ್ಕಿಟ್ಟರು, ಆದರೆ ಕೈಬರಹದಲ್ಲಿ ಹಳೆಯ ಕೂಡುರೂಪ ಇನ್ನೂ ಉಂಟು. ಪುಸ್ತಕದ ಅಕ್ಷರಕ್ಕೂ ಮಿನಿಟ್ಸಿನ ಅಕ್ಷರಕ್ಕೂ ತಾಳೆಯಾಗದಿದ್ದರೆ ತಪ್ಪು ನಿಮ್ಮದೆಂದು ತಿಳಿಯಬೇಡಿ, ಮಗಳನ್ನು ಕೇಳಿ.

ಹೊತ್ತು ಯಾವುದು? ಸಂಜೆ ಮೆಷಿನಿಗೆ ಮುಸುಕು ಹಾಕುವ ಮೊದಲು, ಅದೇ ಕುರ್ಚಿಯಲ್ಲಿ, ಹತ್ತು ನಿಮಿಷ. ದಿನಕ್ಕೆ ಎರಡೇ ಸಾಲು. ಮೂರು ಸಲ ನೋಡಿ ಬರೆದು, ಆಮೇಲೆ ಫೋಟೋ ಮುಚ್ಚಿ ನೆನಪಿನಿಂದ ಒಂದು ಸಲ ಬರೆದು ಹೋಲಿಸಿ. ಆ ನಾಲ್ಕನೇ ಸಲವೇ ಮುಖ್ಯ. ಮತ್ತೆ ಮತ್ತೆ ಓದಿದ್ದು ಐದು ನಿಮಿಷದ ಮಟ್ಟಿಗೆ ಚೆನ್ನಾಗಿ ನೆನಪಿದ್ದರೂ, ವಾರ ಕಳೆದ ಮೇಲೆ ಹೆಚ್ಚು ಉಳಿಯುವುದು ಮುಚ್ಚಿಟ್ಟು ನೆನಪಿಸಿಕೊಂಡದ್ದು ಎಂದು ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಮರುದಿನ ಹೊಸ ಸಾಲಿಗೆ ಮೊದಲು ನಿನ್ನೆಯದನ್ನು ನೋಡದೆ ಒಮ್ಮೆ ಬರೆಯಿರಿ. ಮದುವೆ ಸೀಸನ್ನಿನಲ್ಲಿ ನಾಲ್ಕು ದಿನ ತಪ್ಪಿದರೆ ಐದನೇ ದಿನ ಬಿಟ್ಟ ಸಾಲಿನಿಂದಲೇ ಮುಂದುವರಿಸಿ.

ಉಳಿದ ಏಳು ಕಾಲಮ್ಮು ಸದ್ಯಕ್ಕೆ ಬೇಡ. ಹನ್ನೆರಡನೇ ಕ್ಲಾಸಿಗೆ ಸಮನಾದ ತುಲ್ಯತಾ ಪರೀಕ್ಷೆ ಕಟ್ಟುವ ನಿಮ್ಮ ಆಸೆಯೂ ಒಳ್ಳೆಯದೇ, 22 ತುಂಬಿದವರಿಗೆ ಅದಕ್ಕೆ ಅವಕಾಶವಿದೆ. ಮೊದಲು ಒಂಬತ್ತು ಭಾನುವಾರ ಕಳೆಯಲಿ.

ಆ ದಿನ ಪುಸ್ತಕ ಕೈಗೆ ಬಂದಾಗ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ತಪ್ಪಿದರೆ ಒಂದೇ ಗೆರೆ ಎಳೆದು ಮೇಲೆ ಸರಿಯಾದದ್ದನ್ನು ಬರೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಿ. ವೈಟ್ನರ್ ಹಚ್ಚಬೇಡಿ, ಅದು ಹಣದ ಲೆಕ್ಕ ಇರುವ ಪುಸ್ತಕ.