ನರಹುಲಿಗೆ ವಿಟಮಿನ್ ಇಂಜೆಕ್ಷನ್ ಯಾಕೆ?

ಪ್ರಶ್ನೆ: ನಾನು ಕಬ್ಬು ಬೆಳೆಗಾರ. ಬೆರಳುಗಳ ತುಂಬ ನರಹುಲಿ. ಸುಡಿಸಿದೆ, ಮತ್ತೆ ಬಂತು. ಡಾಕ್ಟರು ಈಗ ವಿಟಮಿನ್ ಡಿ ಇಂಜೆಕ್ಷನ್ ಅಂತಾರೆ. ವಿಟಮಿನ್ ಕಮ್ಮಿಯಾಗಿ ಹೀಗಾಗಿದೆಯಾ?
– ಓದುಗರು, ಮದ್ದೂರು

ಉತ್ತರ: ಅಲ್ಲ. ನರಹುಲಿ ಬರುವುದು ಎಚ್‌ಪಿವಿ ಎಂಬ ವೈರಸ್‌ನಿಂದ. ಅದು ಚರ್ಮದ ಮೇಲ್ಪದರದಲ್ಲೇ ಅಡಗಿರುತ್ತದೆ, ರಕ್ತಕ್ಕೆ ಇಳಿಯುವುದಿಲ್ಲ. ಹಾಗಾಗಿ ದೇಹದ ಕಾವಲು ಪಡೆಗೆ ಸುಳಿವೇ ಸಿಗುವುದಿಲ್ಲ. ಆ ಪಡೆಯನ್ನು ಎಬ್ಬಿಸಲೆಂದೇ ಈ ಇಂಜೆಕ್ಷನ್. ದೊಡ್ಡ ನರಹುಲಿಯ ಬುಡಕ್ಕೆ ಮೊದಲು ಮರಗಟ್ಟಿಸುವ ಔಷಧಿ, ಆಮೇಲೆ 0.2ರಿಂದ 0.5 ಎಂಎಲ್ ವಿಟಮಿನ್ ಡಿ3. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಸಾಮಾನ್ಯವಾಗಿ ನಾಲ್ಕು ಸಲದವರೆಗೆ. ಫಲಿಸಿದರೆ ಸೂಜಿ ಮುಟ್ಟದ ನರಹುಲಿಗಳೂ ಹೋಗುತ್ತವೆ! ಮೈಸೂರಿನ ನನ್ನ ಕ್ಲಿನಿಕ್‌ನಲ್ಲಿ ಅದನ್ನು ಕಂಡಾಗಲೆಲ್ಲ ನನಗೆ ತುಂಬ ಖುಷಿ.

ಎಲ್ಲರಿಗೂ ಫಲಿಸುವುದಿಲ್ಲ, ಅಧ್ಯಯನಗಳೂ ಹೆಚ್ಚಿನವು ಚಿಕ್ಕವೇ. ಆದರೂ ಸುಡಿಸಿದ ಮೇಲೂ ಬರುತ್ತಿದೆ ಅಲ್ವಾ, ನಿಮ್ಮಂಥವರು ಪ್ರಯತ್ನಿಸಬಹುದು ಅನ್ನುವುದು ನನ್ನ ಅಭಿಪ್ರಾಯ. ಚುಚ್ಚಿದ ಜಾಗ ನೋಯುತ್ತದೆ, ಊದಿಕೊಳ್ಳಲೂಬಹುದು. ಕಿಡ್ನಿ ಕಲ್ಲು, ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಮೊದಲೇ ಹೇಳಿ.

ದಯವಿಟ್ಟು ಬ್ಲೇಡಿನಲ್ಲಿ ಕೊಯ್ಯಬೇಡಿ, ನರಹುಲಿಗೆ ಕೂದಲು ಬಿಗಿದು ಕಟ್ಟಬೇಡಿ. ಗಾಯವಾದರೆ ವೈರಸ್ ಪಕ್ಕದ ಬೆರಳಿಗೂ ಹರಡುತ್ತದೆ. ಮನೆಯಲ್ಲಿ ಎಲ್ಲರೂ ಒಂದೇ ಟವೆಲ್ ಬಳಸುವುದನ್ನೂ ಬಿಡಿ.