ನ್ಯೂಟನ್ ಜನ್ಮದಿನ: ಡಿಸೆಂಬರ್ 25 ಅಥವಾ ಜನವರಿ 4?

ನ್ಯೂಟನ್ ಹುಟ್ಟಿದ ದಿನವನ್ನು ದಿನವಿಶೇಷದ ಪಟ್ಟಿಗಳು 1642ರ ಡಿಸೆಂಬರ್ 25 ಎಂದೂ 1643ರ ಜನವರಿ 4 ಎಂದೂ ಬೇರೆಬೇರೆಯಾಗಿ ಕೊಡುವುದೇಕೆಂದು ತಾವು ಕೇಳಿದ್ದೀರಿ. ಎರಡೂ ಸರಿಯೇ. ಯುರೋಪಿನ ಹಲವು ಕ್ಯಾಥೊಲಿಕ್ ದೇಶಗಳು 1582ರಲ್ಲಿಯೇ ಗ್ರೆಗೋರಿಯನ್ ಕ್ಯಾಲೆಂಡರನ್ನು ಒಪ್ಪಿಕೊಂಡಿದ್ದರೂ ಇಂಗ್ಲೆಂಡ್ 1752ರವರೆಗೆ ಹಳೆಯ ಜೂಲಿಯನ್ ಎಣಿಕೆಯನ್ನೇ ಉಳಿಸಿಕೊಂಡಿದ್ದರಿಂದ, ಆತ ಹುಟ್ಟುವ ಹೊತ್ತಿಗೆ ಅಲ್ಲಿನ ದಿನಾಂಕ ಹತ್ತು ದಿನ ಹಿಂದಿತ್ತು.

ಗೆಲಿಲಿಯೋ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದನೆಂಬ ಜನಪ್ರಿಯ ಮಾತು ಮಾತ್ರ ನಿಲ್ಲುವುದಿಲ್ಲ. ಗೆಲಿಲಿಯೋ ನಿಧನದ 1642ರ ಜನವರಿ 8 ಹೊಸ ಎಣಿಕೆಯದು, ಹಳೆಯದರಲ್ಲಿ ಅದು 1641ರ ಡಿಸೆಂಬರ್ 29. ಎರಡು ಕ್ಯಾಲೆಂಡರುಗಳನ್ನು ಬೆರೆಸಿದರಷ್ಟೇ ವರ್ಷ ಹೊಂದುತ್ತದೆ. ತಮ್ಮ ಪಟ್ಟಿಯಲ್ಲಿ ಡಿಸೆಂಬರ್ 25 ಎಂದೇ ಬರೆದು, ಆವರಣದಲ್ಲಿ ಹೊಸ ಎಣಿಕೆಯ ದಿನಾಂಕವನ್ನೂ ಕೊಡುವುದು ಲೇಸೆಂದು ನನ್ನ ಅಭಿಪ್ರಾಯ.